ಯಾವ ಬೆಟ್ಟದ ಕಲ್ಲು

ಮಗಳು ಜೋಯ್ಲಿನ್ ಏಳು ವರ್ಷದವಳಿದ್ದಾಗ ನಾನು ಮಾತು ಕೊಟ್ಟಿದ್ದೆ: ಈ ಕಲ್ಲು ಯಾವ ಬೆಟ್ಟದ್ದೆಂದು ಗೊತ್ತಾದ ದಿನ ಮೊದಲು ಹೇಳುವುದು ನಿನಗೇ. ಪ್ರಾಚೀನ ರೋಮಿನ ಸ್ನಾನಗೃಹವೊಂದರ ಕಮಾನಿನಿಂದ ಬಿದ್ದ ಬೂದು ಕಲ್ಲದು. ಹಿಮ್ಮಡಿ ಉಜ್ಜುವ ಕಲ್ಲಿನಂತೆ ಹಗುರ, ಮೈಯೆಲ್ಲ ತೂತು. ಅಬುಧಾಬಿಯ ನಮ್ಮ ಲ್ಯಾಬಿನಲ್ಲಿ ಅದರ ಚೂರುಗಳನ್ನು ಅರೆದು, ಇಟಲಿಯ ಒಂದೊಂದೇ ಜ್ವಾಲಾಮುಖಿಯ ಕಲ್ಲಿನ ಜೊತೆ ಹೋಲಿಸುತ್ತ ಐದು ವರ್ಷ ಕಳೆಯಿತು. ನಡುವೆ ಬೇರೆ ಕೆಲಸಗಳು, ಅಡುಗೆ, ಅವಳ ಪರೀಕ್ಷೆಗಳು.

ಇವತ್ತು ಮಧ್ಯಾಹ್ನ ಒಂದು ಬೆಟ್ಟದ ಕಲ್ಲಿನ ಜೊತೆ ಅಂಕಿಗಳು ಹೊಂದಿದವು. ಮೊದಲು ಮಗಳಿಗೇ ಹೇಳಬೇಕೆಂದು ಕಂಪ್ಯೂಟರ್ ಮುಚ್ಚಿದೆ.

“ಎಂತ ಲೂರ್ದ್ ಬಾಯಿ, ಮುಖ ಅರಳಿದ ಹಾಗುಂಟು?” ಮೇಲಧಿಕಾರಿ ಫ್ಲಾಯ್ಡ್ ಕೇಳಿದರು. “ಆ ಕಲ್ಲು ಎಟ್ನಾ ಬೆಟ್ಟದ್ದೇ ಅಂತ ನಾನು ಆಗಲೇ ಹೇಳಿದ್ದೆ. ಖಲಾಸ್, ಹಾಗೇ ಬರೀರಿ.”

“ಎಟ್ನಾ ಎಲ್ಲಿಂದ ಬಂತು ಸರ್? ವೆಸೂವಿಯಸ್!”

ತಪ್ಪು ಕಂಡರೆ ತಿದ್ದುವ ಕಸುಬು ನಮ್ಮದು. ದಣಿದ ಬಾಯಿ ತಡೆಯಲಿಲ್ಲ.

ಸಂಜೆ ಖಲೀಫಾ ಸಿಟಿಯ ಮನೆಯ ಬಾಗಿಲಲ್ಲೇ ಜೋಯ್ಲಿನ್‌ಗೆ ಹೇಳಿದೆ. ಅವಳು ಹೆಡ್‌ಫೋನ್ ತೆಗೆದಳು.

“ವೆಸೂವಿಯಸ್! ಮಮ್ಮಾ, ಆಮ್ ಐ ದ ಫಸ್ಟ್?”

ಚಪ್ಪಲಿ ಬಿಚ್ಚಲೂ ಶಕ್ತಿಯಿರಲಿಲ್ಲ, ಸುಳ್ಳು ಹೇಳಲೂ.

“ಅಲ್ಲ ಬಾಯೆ. ಫ್ಲಾಯ್ಡ್ ಅಂಕಲ್‌ಗೆ ಮೊದಲು ಹೇಳಿಬಿಟ್ಟೆ.”

ಕೊಟ್ಟ ಮಾತು ತಪ್ಪಿತು.