ಬಿಸಿ ತಟ್ಟೆಯ ಮೇಲಿನ ಹತ್ತು ನಿಮಿಷ

ಹನ್ನೊಂದನೆಯ ಗಾಜೂ ಕೆಟ್ಟಿತು. ಹೆಬ್ಬೆರಳಗಲದ ಗಾಜಿನ ಮೇಲೆ ಹಳದಿ ದ್ರಾವಣದ ತೊಟ್ಟು ಬಿಟ್ಟು, ಗಿರ್ರನೆ ತಿರುಗಿಸಿ, ಬಿಸಿ ತಟ್ಟೆಯ ಮೇಲೆ ಹತ್ತು ನಿಮಿಷ ಇಟ್ಟರೆ ಅದು ಮಾಗಿದ ನೇರಳೆ ಹಣ್ಣಿನಂತೆ ಕಪ್ಪಾಗಿ ಮಿನುಗಬೇಕು. ಬಿಸಿಲನ್ನು ಕರೆಂಟಾಗಿಸುವುದು ಆ ಮಿನುಗುವ ಪದರವೇ. ಇಲ್ಲಿ ಮಾತ್ರ ಅದು ಬೂಷ್ಟು ಹಿಡಿದ ಗೋಡೆಯ ಹಾಗೆ ಮಚ್ಚೆ ಮಚ್ಚೆಯಾಗಿ ಕೂತಿತ್ತು.

ತರಬೇತಿಗೆ ಬಂದವಳು ಇಕ್ಕಳದಲ್ಲಿ ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದರೂ ಮಚ್ಚೆ ಮಚ್ಚೆಯೇ.

ಅವಳ ದೇಶದ ಪ್ರಯೋಗಾಲಯಕ್ಕೂ ಈ ದೇಶದ್ದಕ್ಕೂ ಒಪ್ಪಂದವಾಗಿದ್ದು ಅವಳ ಗಾಜುಗಳನ್ನು ನೋಡಿಯೇ. ಅವಳು ತನ್ನ ವಿಧಾನ ಕಲಿಸಬೇಕು, ಇವರು ಅವಳಿಗೆ ಅಳತೆಯ ಯಂತ್ರಗಳನ್ನು ಕಲಿಸಬೇಕು. ಬಂದು ನಾಲ್ಕು ವಾರವಾಗಿತ್ತು. ಕಲಿಸಲು ಬಂದವಳ ಕೈಯಲ್ಲೇ ಆಗುತ್ತಿಲ್ಲ. ಸಾಮಾನೆಲ್ಲ ಅದೇ, ತೂಕ ಅದೇ, ಬಿಸಿಯೂ ಅದೇ. ತಲೆ ಗೊಂದಲದ ಗೂಡಾಗಿತ್ತು.

ಇಲ್ಲಿನ ಮಾರ್ಗದರ್ಶಿ ಮೆತ್ತಗೆ ಮಾತಾಡುವ ನರೆಗೂದಲಿನ ಹೆಂಗಸು. ಬೆಳಿಗ್ಗೆ ಆಕೆ ಪಕ್ಕದಲ್ಲಿ ಸ್ಟೂಲು ಎಳೆದು ಕೂತು, ಶುಕ್ರವಾರದ ಸಭೆಯೊಳಗೆ ಒಂದಾದರೂ ಆಗದಿದ್ದರೆ ಜಂಟಿ ವರದಿಯಿಂದ ನಿನ್ನ ಫಲಿತಾಂಶ ತೆಗೆಯಬೇಕಾಗುತ್ತದೆ ಎಂದಿದ್ದಳು. ಆಮೇಲೆ ಇನ್ನೂ ಮೆತ್ತಗೆ, ಊರಿನಲ್ಲಿ ಬಂದ ಆ ಅಂಕಿಗಳೆಲ್ಲ ನೀನೇ ಕಣ್ಣಾರೆ ನೋಡಿ ಬರೆದದ್ದೇ ಅಂತ ಕೇಳಿದ್ದಳು. ಸುಳ್ಳಿ ಎಂದು ಬಾಯಿಬಿಟ್ಟು ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತು ತನ್ನ ಪ್ರಯೋಗಾಲಯಕ್ಕೆ ಫೋನು ಹಚ್ಚಿದಳು. ಎತ್ತಿದ್ದು ಅಟೆಂಡರ್. ಇಪ್ಪತ್ತು ವರ್ಷ ಸಸಿ ಬೆಳೆಸಿ ಮಾರಿ, ಸೊಂಟ ಬಿದ್ದ ಮೇಲೆ ಈ ಕೆಲಸಕ್ಕೆ ಸೇರಿದವನು, ಎಲ್ಲರಿಗೂ ದೊಡ್ಡಪ್ಪ. ಬೀರುವಿನಲ್ಲಿನ ದ್ರಾವಣದ ಬಾಟಲಿಯ ನಂಬರು ಓದಿ ಹೇಳಲು ಕೇಳಿದಳು. ಅವನು ಕನ್ನಡಕ ಹುಡುಕಿ, ಒಂದೊಂದೇ ಅಂಕಿ ಓದಿದ. ಅದೂ ಇಲ್ಲಿಯದೂ ಒಂದೇ.

“ಹಾಗಾದ್ರೆ ಏನು ತಪ್ಪಾಗ್ತಿದೆ ಅಂತಾನೇ ತಿಳೀತಿಲ್ಲ ದೊಡ್ಡಪ್ಪ.”

ಅವನು ಬಾಟಲಿಯನ್ನು ಮತ್ತೆ ಬೀರುವಿನಲ್ಲಿಟ್ಟು ಕೇಳಿದ: “ಅಲ್ಲಿ ಮುಚ್ಚಿಡೋರು ಯಾರಮ್ಮ?”

“ಏನನ್ನ ಮುಚ್ಚೋದು?”

“ಬೈಯಲ್ಲ ಅಂದ್ರೆ ಹೇಳ್ತೀನಿ.”

ಊರಿನಲ್ಲಿ ಅವಳು ಗಾಜನ್ನು ತಟ್ಟೆಯ ಮೇಲಿಟ್ಟು, ಅಲ್ಲಿನ ಹಳೆಯ ಅಳತೆಯ ಯಂತ್ರ ಕಾಯಿಸಲು ಪಕ್ಕದ ಕೋಣೆಗೆ ಹೋಗುತ್ತಿದ್ದಳಲ್ಲ, ಆ ಹತ್ತು ನಿಮಿಷದ ಕಥೆ ಅದು. ಮೊದಲ ವಾರ ಸೂರಿನಿಂದ ಸುಣ್ಣದ ಚಕ್ಕೆ ಉದುರುವುದನ್ನು ಕಂಡು ಅವನು ತನ್ನ ಬುತ್ತಿಯ ಸ್ಟೀಲು ಬಟ್ಟಲನ್ನು ಗಾಜಿನ ಮೇಲೆ ಬೋರಲು ಹಾಕಿದ್ದ. ಎಳೆಯ ಸಸಿಗೆ ಗಾಳಿ ತಾಗಬಾರದೆಂದು ಬುಟ್ಟಿ ಮುಚ್ಚಿದ ಕೈ ಅದು. ಅಂದಿನಿಂದ ದಿನವೂ ಮುಚ್ಚಿದ, ಅವಳ ಚಪ್ಪಲಿಯ ಸದ್ದು ಕೇಳಿದರೆ ತೆಗೆದ. ತನ್ನ ಗಾಜಿನ ಹತ್ತಿರ ಯಾರೂ ಸುಳಿಯಕೂಡದೆಂದು ಅವಳು ಮೊದಲ ದಿನವೇ ಗದರಿದ್ದಳು. ಆ ಹೆದರಿಕೆಗೆ ಹೇಳಿರಲಿಲ್ಲ.

ಅವಳಿಗೆ ನಗಬೇಕೋ ಅಳಬೇಕೋ ತೋಚಲಿಲ್ಲ. ಮೊದಲು ಹೊಳೆದದ್ದು ಬೇರೆಯೇ.

“ಆ ಬಟ್ಟಲಲ್ಲಿ ಆಮೇಲೆ ಊಟ ಮಾಡಿಲ್ಲ ತಾನೆ? ಆ ದ್ರಾವಣದಲ್ಲಿ ಸೀಸ ಇರುತ್ತೆ.”

“ವಿಷ ಅಂತ ನೀನೇ ಚೀಟಿ ಅಂಟಿಸಿದ್ದೀಯಲ್ಲ, ನನಗೇನು ತಲೆ ಕೆಟ್ಟಿದ್ಯಾ? ಬಟ್ಟಲು ಇಲ್ಲೇ ಇದೆ. ಕಳೆದುಹೋಯ್ತು ಅಂತ ನಿಮ್ಮ ದೊಡ್ಡಮ್ಮನ ಹತ್ರ ಬೈಸಿಕೊಂಡಿದ್ದೂ ಆಯ್ತು.”

ಅವಳು ಒಳಗೆ ಹೋಗಿ ಮೂರು ಗಾಜು ಸಿದ್ಧಮಾಡಿ, ಒಂದೊಂದರ ಮೇಲೂ ಒಂದು ಗಾಜಿನ ಬಟ್ಟಲು ಬೋರಲಿಟ್ಟಳು. ಈ ಸಲ ಅಲ್ಲಿಂದ ಕದಲಲಿಲ್ಲ. ಬಟ್ಟಲುಗಳ ಒಳಗೆ ಹಬೆ ಕಟ್ಟಿ, ನಿಧಾನವಾಗಿ ಕರಗಿತು. ತೆಗೆದು ನೋಡಿದರೆ ಎರಡು ಕಪ್ಪಗೆ ಮಿನುಗುತ್ತಿದ್ದವು. ಮೂರನೆಯದು ಮತ್ತೆ ಮಚ್ಚೆ.

ಮಾರ್ಗದರ್ಶಿ ಬಂದು ಬಗ್ಗಿ ನೋಡಿದಳು. ಇಲ್ಲಿನ ಹೊಗೆ ಎಳೆಯುವ ಫ್ಯಾನು ಜೋರು, ಗಾಳಿಗೆ ಪದರ ಬೇಗ ಒಣಗಿ ಕೆಡುತ್ತಿತ್ತೇನೋ, ಮುಚ್ಚಿದರೆ ನಿಧಾನವಾಗಿ ಒಣಗುತ್ತದೇನೋ ಎಂದಳು. ಹಾಗಿದ್ದರೆ ಮೂರನೆಯದು ಯಾಕೆ ಹೀಗೆ ಎಂದು ಅವಳು ಕೇಳಿದಳು. ಅದನ್ನಿನ್ನೂ ಹುಡುಕಬೇಕು ಎಂದ ಮಾರ್ಗದರ್ಶಿ, ಅವಳ ಊರಿನ ಪ್ರಯೋಗಾಲಯದಿಂದ ಬಂದ ವಿಧಾನದ ಹಾಳೆಯನ್ನು ತೆರೆದು, ‘ತೆರೆದ ತಟ್ಟೆಯ ಮೇಲೆ ಹತ್ತು ನಿಮಿಷ’ ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಕೆಳಗೆ ಅವಳದೇ ಸಹಿ.

ಇಂದು ಹೊಸದಾಗಿ ಹೊಳೆಯಿತು ಅಂದುಬಿಟ್ಟರೆ ಮುಗಿಯಿತು; ಜಾಣೆ ಅನ್ನುತ್ತಾರೆ. ನಿಜ ಹೇಳಿದರೆ, ಊರಿನಲ್ಲಿ ಎಂಟು ತಿಂಗಳು ಕಾಣದ್ದಕ್ಕೆ ಸಹಿ ಹಾಕಿದವಳು ಎಂದಾಗುತ್ತದೆ. ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಕೊನೆಗೆ ಆ ಸಾಲು ಹೊಡೆದು, ಮುಚ್ಚಿದ ತಟ್ಟೆ, ಮುಚ್ಚಿದವರು ನಮ್ಮ ಅಟೆಂಡರ್, ನನಗೆ ಗೊತ್ತಿರಲಿಲ್ಲ ಎಂದು ಬರೆದಳು.

ಮಾರ್ಗದರ್ಶಿ ಓದಿದಳು. ಫಲಿತಾಂಶ ವರದಿಯಲ್ಲಿರಲಿ, ಆದರೆ ಅದರ ಕೆಳಗೆ ಈ ಮಾತೂ ಇರಲಿ. ಸೋಮವಾರದಿಂದ ಮೊದಲಿನದೆಲ್ಲ ಮತ್ತೆ ಮಾಡು, ಒಂದರ ಪಕ್ಕದಿಂದಲೂ ಏಳಬೇಡ ಎಂದಳು. ಅದು ಮೆಚ್ಚುಗೆಯೋ ಶಿಕ್ಷೆಯೋ ಮುಖ ನೋಡಿ ತಿಳಿಯುವಂತಿರಲಿಲ್ಲ.

ಮೂರನೆಯ ಗಾಜನ್ನು ಡಬ್ಬಿಯಲ್ಲಿಟ್ಟುಕೊಂಡು ಮತ್ತೆ ಮೆಟ್ಟಿಲಿಗೆ ಬಂದು ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ.

“ಅದೆಲ್ಲ ಇರಲಿ. ನಾನು ಮಾಡಿದ್ದು ಸರಿಯೋ ತಪ್ಪೋ, ಅಷ್ಟು ಹೇಳು.”

ಅವಳು ಆ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

“ಗೊತ್ತಿಲ್ಲ ದೊಡ್ಡಪ್ಪ. ಅಲ್ಲಿ ಯಾರೇ ಗಾಜಿಟ್ರೂ ಸದ್ಯಕ್ಕೆ ಮುಚ್ಚೋದು ಮಾತ್ರ ನಿಲ್ಲಿಸಬೇಡಿ.”