ಸದ್ದಿಲ್ಲದ ಜಾಗ

ಫ್ರಿಜ್ ನಿಂತಿತು, ಅಂದರೆ ಜಿನ್ನವ್ವ ಕಾಕು ಕೊನೆಗೂ ಬಟನ್ ಒತ್ತಿದಳು, ಈಗ ಈ ಮನೆಯಲ್ಲಿ ಫ್ಯಾನಿಲ್ಲ, ಟಿವಿಯಿಲ್ಲ, ಎರಡಡಿ ದಪ್ಪದ ಕಲ್ಲಿನ ಗೋಡೆಯಾಚೆ ಹುಕ್ಕೇರಿಯ ಮಧ್ಯಾಹ್ನ ಉಂಡು ಮಲಗಿದೆ, ಆದರೂ ಅದು ಇದೆ, ಗುಂಯ್ — ಇಲ್ಲ, ಗುಂಯ್ ಅಲ್ಲ, ಅದಕ್ಕಿಂತ ತೆಳು, ದೂರದಲ್ಲಿ ಯಾರೋ ಗರಗಸಕ್ಕೆ ಸಾಣೆ ಹಿಡಿದು ಬಿಡದೇ ಕುಳಿತ ಹಾಗೆ, ನೇಮಣ್ಣ ಉಗ್ರಾಣದ ಕೋಣೆಯ ನೆಲಕ್ಕೆ ಮೊಣಕಾಲೂರಿ ಕಿವಿಯನ್ನು ಯಂತ್ರದ ಹತ್ತಿರ ತಂದ, ಇನ್ನೂ ಹತ್ತಿರ, ಹಾಲ ಒಡದ್ರ ನಿನ್ನ ಪ್ಲೇಟಿನ ಮ್ಯಾಲ ಸುರೀತೇನಿ ನೋಡ ತಮ್ಮಾ, ಅಡುಗೆಮನೆಯಿಂದ ಅವನ ಚಿಕ್ಕಮ್ಮ, ಕಾಕು, ಸುಮ್ಮನಿರವಾ ಕಾಕು ಒಂದ್ ಐದ್ ಮಿನಿಟ, ಸುಮ್ಮನs ಅದೇನಲ್ಲೋ, ಉಸರರ ಆಡ್ಲೋ ಬ್ಯಾಡೋ? ರಿಕಾರ್ಡ್ ಇಡುವ ತಟ್ಟೆ ತಿರುಗುತ್ತಿದೆ, ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ತುಸು ಹೆಚ್ಚು ಸುತ್ತು, ಒಂದಿಷ್ಟೂ ಓಲಾಡದೆ, ಶಹಾಬಾದಿ ಫರಸಿಕಲ್ಲಿನ ಪೀಠ, ಗೋಕಾಕದಲ್ಲಿ ಲಗಮಣ್ಣ ತನ್ನ ಲೇಥಿನಲ್ಲಿ ಕಡೆದುಕೊಟ್ಟ ಉಕ್ಕಿನ ದಂಡ, ಅದು ಕೂರುವ ಕಂಚಿನ ಬುಶ್, ಕೆಳಗೆ ಒಂದೇ ಒಂದು ಗುಂಡು, ಮೇಲೆ ಎರಡು ಹನಿ ಎಣ್ಣೆ. ಲಗಮಣ್ಣನನ್ನು ಬೈದದ್ದಾಯಿತು, ದಂಡ ಮತ್ತೆ ಕಡೆಸಿದ್ದಾಯಿತು, ಅವನು ಮುಖ ಕೆಡಿಸಿಕೊಂಡು, ಸಾಹೇಬ್ರ ಇದಕ್ಕಿಂತ ನುಣುಪು ಬೇಕಂದ್ರ ಬೆಣ್ಣ್ಯಾಗ ಮಾಡಸ್ರಿ ಅಂದ, ಅಂದರೂ ಕಡೆದುಕೊಟ್ಟ, ಆದರೂ ಅದು ಹೋಗಲಿಲ್ಲ. ಬೇರಿಂಗಿನ ಸದ್ದಾದರೆ ದಪ್ಪ ಇರಬೇಕು, ಹೊಟ್ಟೆಯಿಂದ ಬರಬೇಕು, ಕರೆಂಟಿನ ಸದ್ದಾದರೆ ಅದೂ ಕೆಳಗಿನ ಸ್ವರದ್ದು, ಐವತ್ತು ಸೈಕಲ್‌ನದು, ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತವರಿಗೆಲ್ಲ ಗೊತ್ತು, ಇದು ಮೇಲಿನದು, ಸಣ್ಣದು, ಹಾಗಾದರೆ ಉಳಿದದ್ದು ಒಂದೇ, ಮೋಟರಿನ ವೇಗ ಹಿಡಿದಿಡುವ ಡಬ್ಬಿ, ಜೊತೆಗೆ ಕೆಲಸ ಮಾಡುವ ಯಶೋಧರಾ ಕಟ್ಟಿದ್ದು, ಒಳಗಿನ ಸರ್ಕಿಟ್ ಒಂದೇ ಸಮನೆ ಆನ್ ಆಫ್ ಆಗುತ್ತಿರುತ್ತದೆ, ಅದು ಹಾಡಿದರೆ ಹೀಗೇ ಹಾಡೀತು, ಹೀಗೇ ಹಾಡಬೇಕು. ಅದನ್ನು ಅವಳ ಮುಖದೆದುರೇ ಹೇಳಿದ, ಹೋದ ವಾರ, ಫೋನಿನಲ್ಲಲ್ಲ. ಕೊಲ್ಹಾಪುರ, ಪುಣೆಯ ಮಂದಿ ತಮ್ಮ ಹಳೆಯ ರಿಕಾರ್ಡ್ ಪ್ಲೇಯರುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಇಷ್ಟು ದೂರ ಕಳಿಸುವುದು ಯಾತಕ್ಕೆ, ನೇಮಣ್ಣನ ಕಿವಿಗೆ, ಬೇರಿಂಗ್ ಬದಲಿಸು, ಮುಳ್ಳು ಹಿಡಿಯುವ ಕೈಯೊಳಗಿನ ವೈರ್ ಬದಲಿಸು, ಅದನ್ನು ಯಾರಾದರೂ ಮಾಡಿಯಾರು, ಕೊನೆಗೆ ರಿಕಾರ್ಡಿನ ಮೇಲೆ ಮುಳ್ಳು ಇಳಿಸಿ, ಹಾಡು ಶುರುವಾಗುವ ಮುಂಚಿನ ಆ ಖಾಲಿ ಗೀರಿನಲ್ಲಿ ಏನಿದೆ ಏನಿಲ್ಲ ಅಂತ ಹೇಳುವವನು ಅವನೊಬ್ಬ. ಕೈ ನಂದು, ಕಿವಿ ನಿಮ್ದು ಅಣ್ಣಾರ, ನಿಡಸೋಸಿಯಲ್ಲಿ ಎಲೆಕ್ಟ್ರಾನಿಕ್ಸ್ ಮುಗಿಸಿ ಬಂದ ಮೊದಲ ದಿನ ಅವಳೇ ಅಂದಿದ್ದು, ಘಟಪ್ರಭೆಯಲ್ಲಿ ಸ್ಟೇಶನ್ ಹಿಂದಿನ ಅವನ ರಿಪೇರಿ ಶೆಡ್ಡಿನಲ್ಲಿ. ಈಗ ಎದುರಿಗೆ ತಿರುಗುತ್ತಿರುವುದು ಯಾರ ಹಳೆಯ ಯಂತ್ರವೂ ಅಲ್ಲ, ಮೊದಲ ಸ್ಕ್ರೂದಿಂದ ಅವರಿಬ್ಬರದೇ.

ಶೆಡ್ಡಿನಲ್ಲಿ ಅದು ಮೊದಲು ಕೇಳಿಸಿದಾಗ ಎಷ್ಟು ಸಣ್ಣದಿತ್ತು, ರೈಲಿನ ಹಳಿ ಹತ್ತಿರ, ನೆಲ ನಡುಗುತ್ತದೆ ಅಂದುಕೊಂಡು ಯಂತ್ರವನ್ನು ಹಾಸಿಗೆಯಲ್ಲಿ ಸುತ್ತಿ ಮೂಡಲಗಿಗೆ ಒಯ್ದರು, ಅವಳ ಮನೆಯ ಮಹಡಿಗೆ, ಅಲ್ಲಿ ಇನ್ನಷ್ಟು ಸ್ಪಷ್ಟವಾಯಿತು, ಬಾಜೂದಲ್ಲಿ ಹಿಟ್ಟಿನ ಗಿರಣಿ, ಅದರದೇ ಅಂದ, ಗಿರಣಿ ಬಂದ್ ಇದ್ದ ಅಮಾಸೆಯ ದಿನ ಅದು ಇನ್ನೂ ಚೊಕ್ಕ ಕೇಳಿಸಿತು, ಈಗ ಇಲ್ಲಿ, ಹುಕ್ಕೇರಿಯ ಕೊನೆಯ ಓಣಿಯ ಕಾಕುವಿನ ಮನೆಯಲ್ಲಿ, ಎಲ್ಲಕ್ಕಿಂತ ಸದ್ದಿಲ್ಲದ ಜಾಗದಲ್ಲಿ, ಎಲ್ಲಕ್ಕಿಂತ ದೊಡ್ಡದಾಗಿ — ಕೆಡುತ್ತಿದೆ, ಡಬ್ಬಿ ದಿನದಿನಕ್ಕೆ ಕೆಡುತ್ತಿದೆ, ಬೇರೇನಿರಲು ಸಾಧ್ಯ. ಬಸದಿಯಲ್ಲಿ ಕಣ್ಣು ಮುಚ್ಚಿ ಕುಳಿತಾಗಲೂ ಕೇಳಿಸಿತ್ತಲ್ಲ, ಅದು ಬೇರೆ, ಕೆಲಸ ತಲೆಗೇರಿದ್ದು ಅದು, ಮನೆಯಲ್ಲಿ ಹೆಂಡತಿ ತೃಪ್ತಿ ಅವನ ಕೈಯಿಂದ ರಿಮೋಟ್ ಕಸಿದುಕೊಂಡು, ಟಿವಿ ಇಷ್ಟ್ ದೊಡ್ಡದ್ ಇಡ್ತೀರಿ, ಬಾಜೂ ಮನ್ಯಾವ್ರಿಗೂ ಕೇಬಲ್ ಬಿಲ್ ಉಳೀತು, ಅಂದದ್ದು ಚೇಷ್ಟೆಗೆ, ಅದೂ ಬೇರೆ. ಬಾಗಿಲು ಕಿರ್ ಅಂದಿತು, ಆ ಕಿರ್ ಸರಿಯಾಗಿ ಕೇಳಿಸಿತು, ನೋಡು, ಎಲ್ಲ ಕೇಳಿಸುತ್ತದೆ, ಯಶೋಧರಾ ಚಪ್ಪಲಿ ಬಿಟ್ಟು ಒಳಗೆ ಬಂದಳು, ಬ್ಯಾಗಿನಲ್ಲಿ ಸ್ಕ್ರೂ ಡ್ರೈವರ್, ಮುಖದ ಮೇಲೆ ಬಸ್ಸಿನ ಧೂಳು. ಇವತ್ತs ಬಗೀಹರಸೂಣ ಅಣ್ಣಾರ, ಡಬ್ಬೀದ ಇತ್ತಂದ್ರ ನಾ ಡಬ್ಬಿ ತಗೊಂಡ ಹೋಗ್ತೇನಿ, ಮತ್ತ ಬರೂದಿಲ್ಲ, ಒಬ್ಬರಿಗೊಬ್ಬರು ಮಾರಿ ಗಂಟ್ ಹಾಕ್ಕೊಂಡ ಕೆಲಸ ಆಗೂದಿಲ್ಲ. ಅವನು ತಲೆಯಾಡಿಸಿದ. ಅವಳು ಕೋಣೆಯ ಬಾಗಿಲಿಗೆ ಬಂದ ಕಾಕುವಿನ ಕಡೆ ತಿರುಗಿದಳು, ಕಾಕೂ, ಒಂದ್ ಬಟ್ಲ ನೀರ್ ಕೊಡ್ರಿ. ಕುಡ್ಯಾಕ ತಂಬಿಗಿ ತರ್ತೇನಿ ತಡಿ. ಕುಡ್ಯಾಕಲ್ರಿ, ನೋಡಾಕ. ನೀರ್ ನೋಡಾಕ ಮೂಡಲಗಿಯಿಂದ ಬಸ್ ಹತ್ತಿ ಬಂದೀಯೇನವಾ, ಇಬ್ಬರೂ ಒಂದs ನಮೂನಿ ಅದೀರಿ, ಅನ್ನುತ್ತ ಕಾಕು ಬಟ್ಟೆಯಲ್ಲಿ ಸೋಸಿಟ್ಟ ನೀರನ್ನೇ ಸ್ಟೀಲಿನ ಬಟ್ಟಲಿಗೆ ತುಂಬಿ ತಂದಳು, ಅಂಚಿನ ತನಕ.

ಯಶೋಧರಾ ಬಟ್ಟಲನ್ನು ಫರಸಿಯ ಪೀಠದ ಮೇಲೆ ಇಟ್ಟಳು, ಮೋಟರಿನ ಪಕ್ಕಕ್ಕೇ, ಕೈ ತೆಗೆದಳು, ಮೊದಲು ನೀರು ಬಟ್ಟಲ ಅಂಚಿಗೆ ತೂಗಿತು, ಆಮೇಲೆ ನಿಂತಿತು, ಮೇಲಿನ ಬೆಳಕಿಂಡಿ ಅದರೊಳಗೆ ಬಿತ್ತು, ಚೌಕಾಗಿ, ನಾಲ್ಕೂ ಮೂಲೆ ಕತ್ತರಿಸಿಟ್ಟ ಹಾಗೆ. ನೋಡ್ರಿ. ನೋಡಿದ. ತಟ್ಟೆ ತಿರುಗುತ್ತಿದೆ, ಮೋಟರ್ ನಡೆಯುತ್ತಿದೆ, ನೀರು ಅಲುಗುತ್ತಿಲ್ಲ. ನೀರಿಗೇನು ತಿಳಿಯುತ್ತದೆ, ಇಷ್ಟು ಸಣ್ಣ ಸದ್ದು ನೀರನ್ನು ಅಲುಗಿಸುವುದಿಲ್ಲ, ಅದಕ್ಕೆ ಕಿವಿ ಬೇಕು, ಅದನ್ನು ಹೇಳಿದ ಕೂಡ, ಇದು ನೀರಿನ ಲೆಕ್ಕಕ್ಕ ಸಿಗೂದಲ್ಲ ತಂಗಿ. ಆತ್ರಿ, ಅಂದಳು, ಬಗ್ಗಿ ವೈರನ್ನು ಗೋಡೆಯಿಂದ ಕಿತ್ತಳು, ಕಿತ್ತು ಎತ್ತಿ ತೋರಿಸಿದಳು, ಪ್ಲಗ್ಗಿನ ಮೂರು ಹಲ್ಲು, ಡಬ್ಬಿಯ ಕೆಂಪು ದೀಪ ಆರಿತು, ತಟ್ಟೆ ತನ್ನ ಭಾರಕ್ಕೆ ತಾನೇ ತಿರುಗಿ ತಿರುಗಿ ನಿಧಾನವಾಯಿತು, ನಿಧಾನ, ಇನ್ನೂ ನಿಧಾನ, ನಿಂತಿತು. ಈಗ ಕೇಳತೈತೇನ್ರಿ ಅಣ್ಣಾರ?

ಇದೆ. ಇದೆ, ಇದೆ, ಒಂದು ಕೂದಲೆಳೆಯೂ ಕಡಿಮೆಯಾಗಿಲ್ಲ, ತಿರುಗುವ ತಟ್ಟೆಯ ಅಷ್ಟಿಷ್ಟು ಸರಸರವೂ ಹೋಗಿ ಈಗ ಅದೊಂದೇ ಇದೆ, ಯಾವ ವೈರಿಗೂ ಅಂಟಿಕೊಳ್ಳದೆ, ಯಾವ ಮೂಲೆಯಿಂದಲೂ ಬಾರದೆ, ಅವನು ತಲೆ ಎತ್ತಿದರೆ ಅದೂ ಎದ್ದಿತು, ಬಗ್ಗಿದರೆ ಅದೂ ಬಗ್ಗಿತು, ಘಟಪ್ರಭೆಯಿಂದ ಮೂಡಲಗಿಗೆ, ಮೂಡಲಗಿಯಿಂದ ಇಲ್ಲಿಗೆ ಹಾಸಿಗೆಯಲ್ಲಿ ಸುತ್ತಿ ತಂದದ್ದು ಇದನ್ನಲ್ಲ, ಇದು ಸೀಟಿನ ಮೇಲೆ ಅವನೊಳಗೇ ಕುಳಿತು ಬಂದಿತ್ತು. ಹೋತು, ಅಂದ ನೇಮಣ್ಣ. ಅವಳು ಅವನನ್ನೇ ನೋಡಿದಳು, ಖರೇನ್ರಿ? ಖರೆ, ನಿಂತತಿ, ವೈರ್ ಕಿತ್ತ ಕೂಡ್ಲೆ ನಿಂತತಿ. ಬಾಯಿಯಿಂದ ಸುಳ್ಳು ಅದೆಷ್ಟು ಸರಾಗ ಹೊರಟಿತು. ಹಂಗಾದ್ರ ನಂದs ತಪ್ಪಾತು, ಅಂದಳು, ಸಿಟ್ಟಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದಳು, ಡಬ್ಬಿಯನ್ನು ಓಢಣಿಯಲ್ಲಿ ಸುತ್ತಿದಳು, ಹೊಸಾದ್ ಯಾರ್ ಕಡೆ ಮಾಡಸಿದ್ರೂ ನನ್ನ ಡ್ರಾಯಿಂಗ್ ಕಳಸ್ತೇನ್ರಿ, ಅವ್ರಿಗೆ ಸರಳ ಆಕ್ಕೈತಿ, ಅಂದಳು, ಬಾಗಿಲು ಮತ್ತೆ ಕಿರ್ ಅಂದಿತು, ಚಾ ಆದ್ರೂ ಕುಡದ್ ಹೋಗವಾ ಅಂದ ಕಾಕುವಿಗೆ, ಗೋಕಾಕ ಬಸ್ ಹೋಕ್ಕೈತ್ರಿ ಅಂದದ್ದೂ ಕೇಳಿಸಿತು. ಕರೆಯಬೇಕು, ಓಣಿ ದಾಟಿರುವುದಿಲ್ಲ ಇನ್ನೂ, ಎರಡೇ ಮಾತು ಸಾಕು, ಇನ್ನೂ ಐತಿ ಯಶೋಧರಾ, ಆದರೆ ಆ ಎರಡು ಮಾತಿನ ಆಚೆ ಯಾರು ಯಂತ್ರ ಕಳಿಸುತ್ತಾರೆ, ಖಾಲಿ ಗೀರಿನಲ್ಲಿ ಖಾಲಿಯನ್ನು ಕೇಳಲಾರದವನಿಗೆ ಯಾರು, ಆ ಎರಡು ಮಾತು ಆಡದಿದ್ದರೆ ಅವಳು, ತನ್ನದಲ್ಲದ ಸದ್ದನ್ನು ಓಢಣಿಯಲ್ಲಿ ಕಟ್ಟಿಕೊಂಡು ಹೋಗೇಬಿಡುತ್ತಾಳೆ, ಏಳು, ಎದ್ದೇಳು, ಕಾಲು ಜೋಮು ಹಿಡಿದಿದೆ, ಫ್ರಿಜ್ ಹಚ್ಚಲೇನೋ ತಮ್ಮಾ, ಹಚ್ಚಲೇನೋ, ಏನರ ಅನ್ನೋ, ಪೀಠದ ಮೇಲೆ ಬಟ್ಟಲು, ಬಟ್ಟಲ ಅಂಚಿನ ತನಕ ನೀರು, ನೀರಿನೊಳಗೆ ಚೌಕು ಬೆಳಕು, ನಾಲ್ಕು ಮೂಲೆ, ಅಲುಗುತ್ತಿಲ್ಲ, ನೀರು, ಅಲುಗುತ್ತಿಲ್ಲ —