ಚಿಕ್ಕಮ್ಮನ ಬೋರ್ಡು

ಚಿಕ್ಕಮ್ಮನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನವೇ ಅಂಗಡಿಯ ಬಾಗಿಲು ತೆರೆದೆ. ಮನೆಯಲ್ಲಿ ಕೂತು ಮಾಡುವುದಾದರೂ ಏನು? ಅಳು ಬಂದಿದ್ದರೆ ಅಳುತ್ತಿದ್ದೆ. ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗೆ ಮರಗಟ್ಟಿತ್ತು.

ಎದುರುಮನೆಯವಳು ಅದನ್ನೂ ಬಿಡದೆ ಗಮನಿಸಿದ್ದಳು. ಸ್ಮಶಾನದಿಂದ ಬರುವಾಗ ಜೊತೆಯವಳಿಗೆ, ನನ್ನ ಕಿವಿಗೆ ಬೀಳುವಷ್ಟೇ ಮೆಲ್ಲಗೆ ಹೇಳಿದ್ದಳು: "ಒಂದು ಹನಿ ಕಣ್ಣೀರಿಲ್ಲ ನೋಡು. ಎಷ್ಟಾದ್ರೂ ಮಲತಾಯಿ ತಾನೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೇರೆ ದಿನವಾಗಿದ್ದರೆ ಅವಳ ಜನ್ಮ ಜಾಲಾಡಿಬಿಡುತ್ತಿದ್ದೆ. ಅವತ್ತು ಕೋಪವೂ ಬರಲಿಲ್ಲ. ಅವಳು ಹೇಳಿದ್ದೇ ನಿಜವಿದ್ದರೆ ಎಂದು ಭಯವಾಯಿತು, ಅಷ್ಟೇ.

ನಮ್ಮದು ಬಟ್ಟೆ ಬ್ಯಾನರ್ ಬರೆದುಕೊಡುವ ಅಂಗಡಿ. ಬರೆಯುವುದು ನಾನು. ಕೋಲು ತೂರಿಸಲು ಎರಡೂ ತುದಿ ಮಡಿಸಿ ಹೊಲಿಯುವುದು ಚಿಕ್ಕಮ್ಮ. ಹೆತ್ತವಳು ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಅಪ್ಪ ಆಮೇಲೆ ಕಟ್ಟಿಕೊಂಡವಳನ್ನು ಚಿಕ್ಕಮ್ಮ ಎನ್ನಬೇಕೆಂದು ಯಾರೋ ಹೇಳಿಕೊಟ್ಟರು, ಅದೇ ಉಳಿಯಿತು. ಮಲತಾಯಿ ಎಂಬ ಪದ ನಮ್ಮಲ್ಲಿಗೆ ಬರುತ್ತಿದ್ದದ್ದು ಬ್ಯಾನರಿನ ಮೇಲೆ ಮಾತ್ರ. ಯಾವ ಸಂಘದವರು ಮೆರವಣಿಗೆ ಹೊರಟರೂ ಅವರ ಮೇಲೆ ಯಾರೋ ಮಲತಾಯಿ ಧೋರಣೆ ತೋರಿಸಿರಲೇಬೇಕು. ಅಂಥ ಆರ್ಡರ್ ಬಂದಾಗಲೆಲ್ಲ ಚಿಕ್ಕಮ್ಮ ಹೊಲಿಗೆ ಮಷಿನ್ ನಿಲ್ಲಿಸುತ್ತಿದ್ದಳು.

"ಬಂತು ನೋಡೇ ನನ್ನ ಬೋರ್ಡು. ದಪ್ಪಗೆ ಬರಿ, ದೂರದವ್ರಿಗೂ ಕಾಣ್ಲಿ."

"ನಿಂಗೆ ಕೆಂಪು ಬಣ್ಣಾನೇ ಸರಿ," ಎನ್ನುತ್ತಿದ್ದೆ. ಇಬ್ಬರಿಗೂ ನಗು.

ಮತ್ತೆ ಅಂಗಡಿ ತೆರೆದ ಆ ಬೆಳಿಗ್ಗೆ ಬಂದದ್ದೂ ಅಂಥದ್ದೇ. ಕಾರ್ಖಾನೆ ಸಂಘದ ಹೊಸ ಕಾರ್ಯದರ್ಶಿ, ನಮ್ಮನ್ನು ಅರಿಯದ ಮನುಷ್ಯ, ಮಧ್ಯಾಹ್ನದ ಮೆರವಣಿಗೆಗೆ ಬೇಕೆಂದು ಹೇಳಿಹೋದರು. 'ಆಡಳಿತ ಮಂಡಳಿಯ ಮಲತಾಯಿ ಧೋರಣೆಗೆ ಧಿಕ್ಕಾರ.' ಬಟ್ಟೆ ಹಾಸಿದೆ, ಸುಣ್ಣದ ದಾರದಿಂದ ಗೆರೆ ಹೊಡೆದೆ, ಕೆಂಪು ಕಲಸಿದೆ. 'ಮಲತಾಯಿ' ಬರೆದು ಮುಗಿಸಿ, ಅಭ್ಯಾಸಬಲದಿಂದ ಕುಂಚ ಎತ್ತಿಹಿಡಿದು ಮಷಿನ್ ನಿಲ್ಲಲೆಂದು ಕಾದೆ. ನಿಲ್ಲುವುದಕ್ಕೆ ಅಲ್ಲಿ ಸದ್ದೇ ಇರಲಿಲ್ಲ. ಆಗಲೂ ನನಗೇನೂ ಅನ್ನಿಸಲಿಲ್ಲ. ಉಳಿದದ್ದನ್ನು ಬರೆದೆ. ಅಕ್ಷರ ಚೆನ್ನಾಗಿಯೇ ಬಂದವು.

ಬಣ್ಣ ಒಣಗುವ ಹೊತ್ತಿಗೆ ಕಾರ್ಯದರ್ಶಿ ಎರಡು ಕೋಲು ಹಿಡಿದು ಬಂದರು. ಬ್ಯಾನರಿನ ತುದಿಯನ್ನು ಎತ್ತಿ ನೋಡಿದರು.

"ಬರವಣಿಗೆ ಜೋರಾಗಿದೆ. ಕೋಲು ತೂರಿಸೋಕೆ ತುದಿ ಹೊಲ್ದಿಲ್ವಲ್ಲಮ್ಮ?"

ನಾನು ಕುಂಚ ತೊಳೆಯುತ್ತಿದ್ದೆ. ತಲೆ ಎತ್ತಲಿಲ್ಲ.

"ಕೂತ್ಕೊಳ್ಳಿ ಸಾರ್. ಅಮ್ಮ ಈಗ ಹೊಲ್ದು ಕೊಡ್ತಾಳೆ."

ಅವರು ಸರಿ ಎಂದು ಬೆಂಚಿನ ಮೇಲೆ ಕೂತರು. ನಾನು ಏನಂದೆ ಎಂಬುದು ನನ್ನ ಕಿವಿಗೆ ಬಿದ್ದದ್ದು ಆಮೇಲೆ. ಅವಳಿದ್ದಾಗ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಕೈಯಲ್ಲಿದ್ದ ಕುಂಚ ನೀರಿಗೆ ಬಿತ್ತು. ಮಷಿನ್ನಿನ ಮೇಲೆ ಅವಳು ಮುಚ್ಚಿದ್ದ ಬಟ್ಟೆ ಹಾಗೆಯೇ ಇತ್ತು. ಕಣ್ಣು ತುಂಬಿ ಅದೂ ಕಾಣದಂತಾಯಿತು.

ಕಾರ್ಯದರ್ಶಿ ಕೋಲುಗಳನ್ನು ಮಂಡಿಗೆ ಒರಗಿಸಿಕೊಂಡು, ಒಳಬಾಗಿಲ ಕಡೆ ನೋಡುತ್ತ ಅವಳಿಗಾಗಿ ಕಾಯುತ್ತಿದ್ದರು.